ಮಿಶ್ರಿ ಹಂಚು ಇಳಿಸಿದ ಚಳಿಗಾಲ

ಮೊನ್ನೆ ಪುಣೆ ಹತ್ತಿರದ ಸಾಸವಡಕ್ಕ ಹೋಗಿದ್ದೆ, ನಮ್ಮ ಸೊಸಿ ಸವಿತಾನ ತವರಮನಿಗೆ. ಮುಂಜಾನೆ ಹಿತ್ತಲದಾಗ ಬಾಯಿ ಮುಕ್ಕಳಿಸಿಕೋತ ನಿಂತಿದ್ದೆ, ಗ್ವಾಡಿ ಆಚೆ ಮನಿಯಿಂದ ಒಂದು ಘಾಟು ಬಂತು. ಕೆಮ್ಮು ಬರೋ ಹಂಥಾ ಘಾಟು. ಆದರ ನನಗ ಕೆಮ್ಮು ಬರಲಿಲ್ಲ, ಬಾಯಾಗ ನೀರು ಬಂತು. ಸುಳ್ಳ್ಯಾಕ ಹೇಳಲಿ? ಯಾರೋ ತಂಬಾಕಿನ ಎಲಿ ಹಂಚಿನ ಮ್ಯಾಲೆ ಹಾಕಿ ಕರ್ರಗ ಹುರಿಯಾಕತ್ತಿದ್ರು.

ನನ್ನ ಸೆರಗು ಹಿಡಕೊಂಡು ನಿಂತಿದ್ದ ಮೊಮ್ಮಗಳು ತನು ಮೂಗು ಮುಚ್ಚಿಕೊಂಡು ಕೇಳಿದ್ಲು, "ಅಜ್ಜಿ, ಏನ ಸುಡಾಕತ್ತಾರ ಅವರು?"

ಐದು ವರ್ಷದ ಹುಡುಗಿ. ನನ್ನ ಜೀವ ಆಗಲೇ ಪುಣೆಯ ಹಡಪಸರದ ನಮ್ಮ ಗಲ್ಲಿಗೆ, ಆ ಒಂದು ಥಂಡಿಗೆ ಓಡಿ ಹೋಗಿತ್ತು.

ಗೊತ್ತಿಲ್ಲದವರಿಗೆ ಹೇಳ್ತೀನಿ. ಮಿಶ್ರಿ ಅಂದ್ರ ಹುರಿದ ತಂಬಾಕಿನ ಪುಡಿ. ಈ ಕಡೆ ಹೆಣಮಕ್ಕಳು ಎದ್ದ ಕೂಡಲೆ ಬೆರಳಿಗೆ ಹಚ್ಚಿಕೊಂಡು ಹಲ್ಲು ತಿಕ್ಕತಾರ. ತಿಕ್ಕಿ ಉಗುಳಿಬಿಟ್ರ ಮಾತು ಬ್ಯಾರೆ. ತಾಸುಗಟ್ಟಲೆ ಹಂಗ ತುಟಿಯೊಳಗ ಇಟ್ಟುಕೊಂಡು ಕಸ ಹೊಡೀತಾರ, ನೀರು ತುಂಬತಾರ. ಮಧ್ಯಾಹ್ನ ಮತ್ತೊಮ್ಮೆ, ಸಂಜಿಗೆ ಇನ್ನೊಮ್ಮೆ. ತಲಿ ಹಗುರ ಆಗತದ, ಹೊಟ್ಟಿ ಸಾಫ್ ಆಗತದ ಅಂತ ನಂಬಿಕಿ. ನಾನು ಲಗ್ನ ಆಗಿ ಇಂಡಿ ತಾಲೂಕಿನಿಂದ ಪುಣೆಗೆ ಬಂದ ಮೊದಲನೇ ವಾರ ನಮ್ಮತ್ತಿ ನನ್ನ ಕೈಗೆ ಎರಡು ಹಂಚು ಕೊಟ್ಟಿದ್ರು. ಒಂದು ರೊಟ್ಟಿಗೆ, ಒಂದು ಮಿಶ್ರಿಗೆ. "ಎರಡೂ ಕೂಡಿಸಬ್ಯಾಡ ನೋಡ" ಅಂದಿದ್ರು. ಅಷ್ಟ ಉಪದೇಶ.

ನಮ್ಮ ಗಲ್ಲಿ ಮಗರಪಟ್ಟಾದ ಗ್ವಾಡಿಗೆ ಹತ್ತಿಕೊಂಡದ. ಸಂಜಿ ಆತಂದ್ರ ಆ ಎತ್ತರದ ಬಿಲ್ಡಿಂಗುಗಳ ನೆರಳು ನಮ್ಮ ತಗಡಿನ ಪತ್ರಾಸಿನ ಮ್ಯಾಲೆ ಬೀಳತದ. ಗಲ್ಲಿಯ ಅರ್ಧ ಹೆಣಮಕ್ಕಳು ಅಲ್ಲೇ ಭಾಂಡಿ ತಿಕ್ಕಾಕ, ಅಡಗಿ ಮಾಡಾಕ ಹೋಗ್ತಾರ. ನಾನು ಮಾತ್ರ ಗಲ್ಲಿಯೊಳಗೇ ಉಳಿದಾಕಿ, ಬಾಲವಾಡಿ ಟೀಚರ್. ಮೀಸಿ ಬಂದ ಗಂಡಸರೆಲ್ಲ ಒಂದು ಕಾಲಕ್ಕ ನನ್ನ ಮುಂದ ಮೂಗು ಸುರಿಸಿಕೋತ ಕೂತವರ. ಅದಕ್ಕ ಎಲ್ಲಾರೂ ನನಗ "ಬಾಯಿ", ಮರಾಠಿಯೊಳಗ ಟೀಚರಮ್ಮ, ಅಂತಾರ, ಅದಕ್ಕ ನನ್ನ ದನಿಯೂ ಸ್ವಲ್ಪ ಜೋರ. ಸ್ವಲ್ಪ ಅಲ್ಲ, ಭಾಳ.

ಇನ್ನೊಂದು ಹೆಸರೂ ಇತ್ತು ನನಗ. ಎರಡು ವಾರಕ್ಕೊಮ್ಮೆ ಶನಿವಾರ ಇಡೀ ಗಲ್ಲಿಯ ತಂಬಾಕು ನನ್ನ ಹಂಚಿಗೆ ಬರ್ತಿತ್ತು. ಎಲಿ ಸುಟ್ಟು ಬೂದಿ ಆಗಬಾರದು, ಹಸಿ ಉಳೀಬಾರದು, ಆ ಹದ ನನ್ನ ಕೈಯಾಗ ಅದ ಅಂತ ಎಲ್ಲಾರ ಬಾಯಾಗ. "ಶಾಂತಾಬಾಯಿ ಹುರಿದ ಮಿಶ್ರಿ" ಅಂದ್ರ ಆಚೆ ಗಲ್ಲಿಯವರೂ ಡಬ್ಬಿ ಹಿಡಕೊಂಡು ಬರ್ತಿದ್ರು. ನನಗೂ ಭಾಳ ಹೆಮ್ಮಿ ಇತ್ತು ಅದರದು. ಏನ ಮಾಡೋದು, ಇತ್ತು.

ಆ ವರ್ಷ ದೀಪಾವಳಿ ಸೂಟಿ ಮುಗಿದು ಶಾಳಿ ಶುರು ಆದ ದಿನ, ಅದರ ಅಂಗಳದಾಗಿನ ನನ್ನ ಬಾಲವಾಡಿ ಕಸ ಹೊಡಿಯಾಕ ಹೋದ್ರ ಅಂಗಳದ ತುಂಬ ಗುಟಕಾ ಚೀಟು. ಗೇಟಿನ ಹಂತ್ಯಾಕ ನಾಲ್ಕನೇ ಕ್ಲಾಸಿನ ಇಬ್ಬರು ಹುಡುಗರು ಚೀಟು ಹರದು ಬಾಯಿಗೆ ಸುರಕೊಳ್ಳೋದನ್ನ ಈ ಕಣ್ಣಿಂದ ನೋಡಿದೆ. ನನ್ನ ಮೈಯೆಲ್ಲ ಉರದು ಹೋತು. ಗೇಟಿನ ಎದುರಿಗೇ ದತ್ತೂನ ಟಪರಿ, ಅಂದ್ರ ಪಾನ್-ಬೀಡಿ ಅಂಗಡಿ. ದತ್ತೂ ಯಾರು? ನನ್ನ ಬಾಲವಾಡಿಯೊಳಗ ಎರಡು ವರ್ಷ ಕೂತು, ದಿನಾ ಮಂದಿ ಉಪ್ಪಿಟ್ಟೂ ತಿಂದು ದೊಡ್ಡಾಂವ ಆದ ಹುಡುಗ. ಈಗ ಇಬ್ಬರು ಮಕ್ಕಳ ತಂದಿ.

ಒಬ್ಬಾಕಿ ಒದರಿದ್ರ ಜಗಳ ಅಂತಾರ, ಇಪ್ಪತ್ತು ಮಂದಿ ಕೂಡಿ ಒದರಿದ್ರ ಸಂಘಟನಾ ಅಂತಾರ. ಇದು ನನಗ ಗೊತ್ತಿತ್ತು. ಮೊದಲ ಭಜನಿ ಮಂಡಳಕ್ಕ ಹೋದೆ. ಅದರ ಮುಖ್ಯಸ್ಥಿ ಹೌಸಾಬಾಯಿ, ನನ್ನ ಓರಗಿಯಾಕಿ, ಮರಾಠಿಯಾಕಿ, ಜಗಳಕ್ಕ ನಿಂತ್ರ ನನಗಿಂತ ಒಂದು ಕೈ ಮ್ಯಾಲೆ. ಆಮ್ಯಾಲೆ ಗಣಪತಿ ಮಂಡಳದ ಹುಡುಗರು. ಆಮ್ಯಾಲೆ ಸರಕಾರಿ ದವಾಖಾನಿ ಸಿಸ್ಟರ್. ಕೂಡಾಕ ಜಾಗಾ ಬೇಕಲ್ಲ, ಅದಕ್ಕ ಮೂಲಿ ಮ್ಯಾಲಿನ ಹೋಟೆಲಿನ ಶೆಟ್ಟರ ಹತ್ತಿರ ಹೋದೆ. ಕುಂದಾಪುರದ ಕಡೆಯವರು, ಮೂವತ್ತು ವರ್ಷ ಆತು ಪುಣೆಗೆ ಬಂದು.

"ಎಂಥ ಮಾರಾಯ್ರೆ ಶಾಂತಕ್ಕ, ಭಜನೆ ಮಾಡಿದ್ರೆ ಗುಟ್ಕಾ ನಿಲ್ತದಾ?" ಅಂತ ನಕ್ಕರು.

"ನಿಲ್ಲತದೋ ಇಲ್ಲೋ ನೋಡೂಣು. ನೀವು ಜಾಗಾ ಕೊಡ್ತೀರೋ ಇಲ್ಲೋ ಅಷ್ಟ ಹೇಳ್ರಿ."

"ಅಯ್ಯೋ, ಕೊಡದೆ ಉಂಟಾ? ಮೇಲಿನ ಹಾಲ್ ಖಾಲಿಯೇ ಇದೆ. ಚಾ ಸಹ ನನ್ನದೇ."

ಹಂಗ ಶುರು ಆತು ನಮ್ಮದು. ನೇಮ ಎರಡೇ ಮಾಡಿದ್ವಿ. ಯಾರಿಗೂ ಬೈಬಾರದು, ಅಂಗಡಿಯ ಸಾಮಾನು ಮುಟ್ಟಬಾರದು. ಶಾಳಿ ತೆರೆಯೋ ಹೊತ್ತಿಗೆ ಟಪರಿ ಮುಂದ ಸಾಲಾಗಿ ನಿಂತು ಒಂದು ತಾಸು ತಾಳ ಹಿಡದು ಭಜನಿ ಹಾಡೋದು, ಅಷ್ಟ. ಹಡೆದವ್ವ ಎದುರಿಗೆ ನಿಂತು ತಾಳ ಬಾರಿಸಬೇಕಾದ್ರ ಯಾವ ಮಗ ಬಂದು ಗುಟಕಾ ಕೇಳ್ಯಾನು? ದೂರಿಂದ ಬರ್ತಿದ್ರು, ಅವ್ವನ ಮಾರಿ ನೋಡತಿದ್ರು, ಹಂಗ ಹೊಳ್ಳಿ ಹೋಗ್ತಿದ್ರು. ಐದು ದಿನ ದತ್ತೂನ ಅಂಗಡಿ ಮುಂದ ನೊಣ ಬಿಟ್ರ ಮತ್ಯಾರೂ ಇಲ್ಲ. ನಾ ಅಂತೂ ಎದಿ ಉಬ್ಬಿಸಿಕೊಂಡು ತಿರುಗ್ಯಾಡಿದೆ.

ಆರನೇ ದಿನ ದತ್ತೂ ಅಂಗಡಿಯಿಂದ ಕೆಳಗಿಳಿದು ಬಂದು ಕೈಮುಗಿದ. ಮರಾಠಿಯೊಳಗ ಮಾತಾಡಿದ, ಸಿಟ್ಟಿಲ್ಲದ ದನಿ.

"ಬಾಯಿ, ಒಂದು ಮಾತು ಕೇಳ್ತೀನಿ, ಬೇಜಾರ ಮಾಡ್ಕೋಬ್ಯಾಡ್ರಿ. ನನ್ನ ಟಪರಿಯೊಳಗ ಎಲ್ಲಾರಕಿಂತ ಹೆಚ್ಚು ತಂಬಾಕು ಒಯ್ಯೋರು ಯಾರು? ಈಗ ತಾಳ ಹಿಡಕೊಂಡು ನಿಂತಾರಲ್ಲ, ಇವರ. ಹಿಂದಿನ ಕಿಡಕಿಯಿಂದ ಒಯ್ತಾರ. ಯಾರಿಗೆ ಎಂಥಾ ಎಲಿ ಬೇಕು ಅಂತ ನನಗ ಬಾಯಿಪಾಠ ಅದ. ಆ ಎಲಿ ಎಲ್ಲಾ ಕಡೀಕ ಹೋಗೋದು ಎಲ್ಲಿಗೆ ಹೇಳ್ರಿ? ನಿಮ್ಮ ಹಂಚಿಗೆ."

ತಾಳ ನಿಂತ್ವು. ಗಣಪತಿ ಮಂಡಳದ ಹುಡುಗ ಒಬ್ಬ ಕಿಸಕ್ಕನ ನಕ್ಕ.

"ಏ ದತ್ತೂ!" ಅಂತ ಒದರಿದೆ. "ಅದು ಹಲ್ಲುಪುಡಿ! ಹಲ್ಲುಪುಡಿಗೂ ಚಟಕ್ಕೂ ಫರಕ ತಿಳೀವಲ್ದೇನು ನಿನಗ?"

"ಹೌದ ಮತ್ತ, ಹಲ್ಲುಪುಡಿ, ಹಲ್ಲುಪುಡಿ" ಅಂತ ಹೆಣಮಕ್ಕಳೆಲ್ಲ ದನಿಗೂಡಿಸಿದ್ರು. ಇದನ್ನ ಹೇಳೋ ಸಲುವಾಗಿ ನಾನು ಮೊದಲ ಪಕ್ಕಕ್ಕ ತಿರುಗಿ ತುಟಿಯೊಳಗಿನ ಮಿಶ್ರಿ ಉಗುಳಬೇಕಾತು. ಆಡೋದು ಮಡಿ, ಉಂಬೋದು ಮೈಲಿಗಿ ಅಂತಾರಲ್ಲ, ಹಂಗ. ಆದರ ದೇವರಾಣಿ, ಆ ಘಳಿಗಿಗೆ ನನಗ ಅದು ಹೊಳೀಲೇ ಇಲ್ಲ. ನಮ್ಮ ಪಾಲಿಗೆ ತಂಬಾಕಿನ ಚಟ ಅನ್ನೋದು ಗಂಡಸರದು. ನಮ್ಮದು ದಿನದ ಕೆಲಸ.

ಹೊಳೆದದ್ದು ಎರಡು ದಿನಕ್ಕ, ದವಾಖಾನಿಯೊಳಗ.

ಸವಿತಾಗ ಆಗ ಆರು ತಿಂಗಳು. ಅದಕ್ಕಿಂತ ಎರಡು ವರ್ಷ ಮೊದಲ ಆಕಿ ಏಳನೇ ತಿಂಗಳಿಗೆ ಹಡೆದಿದ್ಲು. ಅಂಗೈಯಷ್ಟು ಗಂಡು ಕೂಸು, ಒಂದು ದಿನ ಇತ್ತು, ಹೋತು. ಅವತ್ತಿನಿಂದ ಮನ್ಯಾಗ ಯಾರೂ ದೊಡ್ಡ ದನಿಲೆ ನಕ್ಕಿರಲಿಲ್ಲ. ಈ ಸಲ ಸಿಸ್ಟರ್ ಹೊಟ್ಟಿಗೆ ಟೇಪು ಹಿಡದು ಅಳದು, ಮತ್ತೊಮ್ಮೆ ಅಳದು, "ಕೂಸು ಬೆಳೀಬೇಕಾದಷ್ಟು ಬೆಳೆದಿಲ್ಲ" ಅಂದ್ರು. ಏನ ಉಣ್ತಿ, ಎಷ್ಟು ಮಲಗ್ತಿ ಅಂತ ಕೇಳಿಕೋತ ಹೋಗಿ, "ತುಟಿ ತೆಗೀ ನೋಡೂಣು" ಅಂದ್ರು. ಸವಿತಾನ ಒಸಡು ಕಪ್ಪಾಗಿತ್ತು.

"ಮಿಶ್ರಿ ಯಾರು ಕಲಿಸಿದ್ರು ನಿನಗ?"

ಸವಿತಾ ನನ್ನ ಕಡೆ ನೋಡಲಿಲ್ಲ. ನೆಲಾ ನೋಡಿಕೋತ, "ಹಲ್ಲು ನೋವಿತ್ತರಿ" ಅಂದ್ಲು. ನನ್ನ ಹೆಸರು ಹೇಳಲಿಲ್ಲ. ಲಗ್ನ ಆದ ಹೊಸದಾಗಿ ಹಲ್ಲು ನೋವು ಅಂತ ಅಳಾಕತ್ತಿದ್ಲು. ನಾನೇ ನನ್ನ ಡಬ್ಬಿಯಿಂದ ತೆಗೆದು, ಈ ಬೆರಳಿಂದ ಆಕಿ ಹಲ್ಲಿಗೆ ಹಚ್ಚಿದ್ದೆ. ಪ್ರೀತಿಯಿಂದನ ಹಚ್ಚಿದ್ದೆ.

ನನಗ ಕುರ್ಚಿ ಮ್ಯಾಲೆ ಕೂಡಾಕ ಆಗಲಿಲ್ಲ. ಹೋದ ಸಲದ್ದೂ ಇದರಿಂದನೇನು ಅಂತ ಕೇಳಿದೆ.

"ಅದು ನಾ ಹೇಳಂಗಿಲ್ಲರಿ, ಯಾರಿಗೂ ಹೇಳಾಕ ಬರಂಗಿಲ್ಲ" ಅಂದ್ರು ಸಿಸ್ಟರ್. "ಆದರ ಈ ಕೂಸು ಬೆಳೀಬೇಕಂದ್ರ ಇದು ಬ್ಯಾಡ. ಇವತ್ತಿನಿಂದನ ಬ್ಯಾಡ."

ಆಗ ಸವಿತಾ ಬಾಯಿ ಬಿಟ್ಲು. "ನಾ ಬಿಡಾಕ ಎರಡು ಸಲ ನೋಡೀನಿ ಸಿಸ್ಟರ್. ಆಗವಲ್ದು. ಮನ್ಯಾಗ ಡಬ್ಬಿ ಕಣ್ಣಿಗೆ ಬೀಳತದ. ಕೆಲಸಕ್ಕ ಹೋಗುವಾಗ ಗೆಳತ್ಯಾರು ಕೊಡ್ತಾರ. ಶನಿವಾರ ಅತ್ತಿ ಹಂಚು ಇಟ್ರಂದ್ರ ಗಲ್ಲಿ ತುಂಬ ವಾಸನಿ. ನಾ ಒಬ್ಬಾಕಿ ಎಲ್ಲಿ ಓಡಿ ಹೋಗಲಿ?"

ರಿಕ್ಷಾದಾಗ ಹೊಳ್ಳಿ ಬರುವಾಗ ಆಕಿ ಮಾತು ನನ್ನ ತಲಿಯೊಳಗ ಗುಂಯ್ ಅಂತಿತ್ತು. ನನ್ನ ಮೊಮ್ಮಗು ಉಳೀಬೇಕಂದ್ರ ಆಕಿ ಒಬ್ಬಾಕಿ ಬಿಟ್ರ ಸಾಲದು, ನಾ ಬಿಟ್ರೂ ಸಾಲದು, ಇಡೀ ಗಲ್ಲಿ ಬಿಡಬೇಕು.

ಮರುದಿನ ಮುಂಜಾನೆ ಮಿಶ್ರಿ ಹಂಚು ಬಗಲಾಗ ಇಟ್ಟುಕೊಂಡು ನೆಟ್ಟಗ ದತ್ತೂನ ಟಪರಿಗೆ ಹೋದೆ. ಅಂವ ಗಾಬರಿ ಆದ, ಹೊಡಿಯಾಕ ಬಂದೀನಿ ಅಂತ ತಿಳಕೊಂಡ. ಹಂಚು ಅವನ ಕಟ್ಟಿ ಮ್ಯಾಲೆ ಇಟ್ಟೆ.

"ನೀ ಅಂದದ್ದು ಖರೇ ಅದ, ದತ್ತೂ. ಇದನ್ನ ನಿನ್ನ ಹತ್ತಿರ ಇಟ್ಕೋ. ನಾ ಬಂದು ಕೇಳಿದ್ರೂ ಕೊಡಬ್ಯಾಡ. ಕಾಲು ಬಿದ್ರೂ ಕೊಡಬ್ಯಾಡ."

ಅಂವ ಹಂಚು ನೋಡಿದ, ನನ್ನ ನೋಡಿದ. ಹಿಂದಿನ ಕಿಡಕಿಯ ಬಾಗಿಲಾ ಎಳೆದು ಚಿಲಕ ಹಾಕಿದ. "ಇವತ್ತಿನಿಂದ ಈ ಕಿಡಕಿ ಬಂದ್, ಬಾಯಿ" ಅಂದ.

ಶೆಟ್ಟರ ಹಾಲಿನೊಳಗ ಅವತ್ತು ಸಂಜಿ ಕೂಡಿದ್ವಿ. ನಾ ಎದ್ದು ನಿಂತು ಎಲ್ಲಾ ಹೇಳಿದೆ, ನನ್ನ ಬೆರಳಿನದೂ ಹೇಳಿದೆ. ಸವಿತಾ ಅಲ್ಲೇ ಕೂತಿದ್ಲು. ಹೇಳಿ ಮುಗಿಸಿ, "ನಾ ಇನ್ನ ಹುರಿಯಂಗಿಲ್ಲ, ಯಾರದೂ ಹುರಿಯಂಗಿಲ್ಲ" ಅಂದೆ. ಆಮ್ಯಾಲೆ ನೋಡ್ರಿ ಗದ್ದಲ!

"ನೀ ಹೇಳೋದೇನೋ ಹೇಳಿದಿ" ಅಂದ್ಲು ಹೌಸಾಬಾಯಿ, ಟೊಂಕದ ಮ್ಯಾಲೆ ಕೈ ಇಟ್ಟು. "ಮಿಶ್ರಿ ಇಲ್ಲದ ನನಗ ಮುಂಜಾನೆ ಸಂಡಾಸ ಆಗಂಗಿಲ್ಲ. ಅದಕ್ಕೇನ ಮಾಡ್ತಿ ನೀ? ಭಜನಿ ಹಾಡ್ತಿ?"

ಗಲ್ಲಿಯ ಹಿರಿ ಹೆಣಮಗಳು, ಗಂಡಸರ ಮುಂದ ಸಂಡಾಸದ ಮಾತು! ಹುಡುಗರು ಮಾರಿ ಮುಚ್ಚಿಕೊಂಡು ನಕ್ರು. ಆದರ ಶೆಟ್ಟರು ನಗಲಿಲ್ಲ, ಎದ್ದು ಬಂದರು. "ಅದಕ್ಕೆ ನಮ್ಮಲ್ಲಿ ಔಷಧ ಉಂಟು. ಕೊತ್ತಂಬರಿ, ಜೀರಿಗೆ, ಚೂರು ಬೆಲ್ಲ ಹಾಕಿದ ಕಷಾಯ. ನಾಳೆಯಿಂದ ಬೆಳಿಗ್ಗೆ ಆರಕ್ಕೆ ನನ್ನ ಹಿಂದಿನ ಬಾಗಿಲಿಗೆ ಬನ್ನಿ. ಬಿಸಿ ಬಿಸಿ ಕೊಡ್ತೇನೆ. ಆಗದಿದ್ರೆ ನನ್ನನ್ನು ಕೇಳಿ."

"ಆಗದಿದ್ರ ನಿನ್ನ ಹೋಟೆಲಿನ ಮುಂದ ಕೂಡ್ತೀನಿ ನೋಡ" ಅಂದ್ಲು ಹೌಸಾಬಾಯಿ ಮರಾಠಿಯೊಳಗ. ಅಲ್ಲಿಗೆ ಗದ್ದಲ ಮುಗೀತು, ನಗಿ ಆತು. ನಗಿ ಆತಂದ್ರ ಅರ್ಧ ಕೆಲಸ ಆತು ಅಂತ ಬಾಲವಾಡಿಯೊಳಗ ಕಲತೀನಿ ನಾನು.

ಎಂಥಾ ಥಂಡಿ ಬಿತ್ತು ಆ ವರ್ಷ! ಆರು ಗಂಟಿಗೆ ನಮ್ಮ ಗಲ್ಲಿ ಹಿಂದಿನ ಕ್ಯಾನಾಲಿನ ಮ್ಯಾಲೆ ಮಂಜು, ಎದುರಿಗಿನ ಮಂದಿ ಕಾಣವಲ್ರು. ಚಾದರ ಹೊತ್ತುಕೊಂಡು, ಕಿವಿಗೆ ಮಫ್ಲರ್ ಕಟ್ಟಿಕೊಂಡು ಶೆಟ್ಟರ ಹಿಂದಿನ ಬಾಗಿಲಿಗೆ ಸಾಲು. ಸರಿಯಾಗಿ ಮಿಶ್ರಿ ಹಚ್ಚೋ ಹೊತ್ತಿಗೆ ಕೈಯಾಗ ಕಷಾಯದ ಗ್ಲಾಸು, ಬಾಯಾಗ ಅಜವಾನ. ಇಬ್ಬಿಬ್ಬರದು ಜೋಡಿ ಮಾಡಿದ್ವಿ. ಒಬ್ಬಾಕಿ ಬರಲಿಲ್ಲಂದ್ರ ಜೋಡಿಯಾಕಿ ಹೋಗಿ ಬಾಗಿಲಾ ಬಡೀಬೇಕು. ನನ್ನ ಜೋಡಿ ಸವಿತಾ. ಅತ್ತಿ-ಸೊಸಿ ಜೋಡಿ ಬ್ಯಾಡ ಅಂದ್ರು ಎಲ್ಲಾರೂ. ಆಕಿನ ಹಟ ಹಿಡದ್ಲು.

ಚಟ ಬಿಡೋದು ಅಂದ್ರ ಏನು ಅಂತ ಆ ದಿನಗಳೊಳಗ ತಿಳೀತು. ತಲಿ ಸಿಡೀತದ, ಕೈ ನಡಗತಾವ, ಕಂಡ ಕಂಡವರ ಮ್ಯಾಲೆ ಸಿಟ್ಟು. ಬಾಲವಾಡಿ ಕೂಸುಗಳಿಗೆ ಸುಮ್ಮ ಸುಮ್ಮನ ಬೈದು ಆಮ್ಯಾಲೆ ಎತ್ತಿಕೊಂಡು ಮುದ್ದು ಮಾಡತಿದ್ದೆ. ಟಪರಿ ಮುಂದ ನಿಂತು ಹಾಡೋದು ಭಾಳ ಸಸಾರ. ನಾವು ಹುಡುಗರಿಗೆ "ಬಿಡ್ರಿ" ಅಂತ ಒದರತಿದ್ದಿವಲ್ಲ, ಎಷ್ಟು ಹಗುರ ಅಂದಿದ್ವಿ ಆ ಮಾತು!

ಒಂಬತ್ತನೇ ದಿನ ನನ್ನ ಕೈಲೆ ಆಗಲಿಲ್ಲ. ನಡು ಮಧ್ಯಾಹ್ನ, ಸವಿತಾ ಮಲಗಿದ್ಲು. ನನ್ನ ಕಾಲು ತಾವ ನಡಕೋತ ಟಪರಿಗೆ ಹೋದುವು. "ದತ್ತೂ, ಒಂದ ಒಂದು ಚಿಟಿಕಿ. ಯಾರಿಗೂ ಹೇಳಬ್ಯಾಡಪ್ಪ" ಅಂದೆ. ಅರವತ್ತರ ಹತ್ತಿರ ಬಂದ ಹೆಂಗಸು, ಬೇಡಾಕತ್ತಿದ್ದೆ.

ದತ್ತೂ ಅಂಗಡಿಯಿಂದ ಇಳಿದು ಬಂದ. ಬೆಂಚಿನ ಮ್ಯಾಲೆ ನನ್ನ ಕೂಡಿಸಿದ. ಎದುರಿಗೆ ನಿಂತು, ಬಾಲವಾಡಿಯೊಳಗ ನಾ ದಿನಾ ಒದರತಿದ್ದೆನಲ್ಲ, ಅದೇ ಮಾತು, ಅದೇ ದನಿಯೊಳಗ ಅಂದ, "ಬಾಯಿ, ಹಾತಾಚಿ ಘಡಿ, ತೋಂಡಾವರ ಬೋಟ್!"

ಕೈ ಕಟ್ಟು, ಬಾಯಿ ಮ್ಯಾಲೆ ಬೆರಳಿಡು. ಈ ಊರಿನ ಪ್ರತಿ ಕೂಸೂ ಈ ಮಾತು ಕೇಳಿ ದೊಡ್ಡದಾಗಿರತದ. ನಾನು ಕೈ ಕಟ್ಟಿದೆ, ಬಾಯಿ ಮ್ಯಾಲೆ ಬೆರಳಿಟ್ಟೆ. ಅದ ಬೆರಳು, ಮಿಶ್ರಿ ಹಚ್ಚತಿದ್ದ ಬೆರಳು. ಅಳು ಬಂತು, ಅದರ ಜೋಡಿ ನಗಿನೂ ಬಂತು. ಅಂವ ನನ್ನ ಪಕ್ಕದಾಗ ಕೂತ. ಆ ಹಾಳು ಹಸಿವಿ ಇಳಿಯೋತನಕ ಇಬ್ಬರೂ ಹಂಗ ಕೂತಿದ್ವಿ. ಗಿರಾಕಿ ಬಂದ್ರ "ಬಾಯಿಯವರ ಕ್ಲಾಸ್ ನಡದದ, ಆಮ್ಯಾಲೆ ಬಾ" ಅಂತ ಹೊಳ್ಳಿ ಕಳಿಸಿದ.

ಮರುದಿನ ಕಷಾಯದ ಸಾಲಿನೊಳಗ ನಾನೇ ಎಲ್ಲಾರ ಮುಂದ ಹೇಳಿಬಿಟ್ಟೆ. ಮುಚ್ಚಿಟ್ಟು ಏನ ಮಾಡೋದು? ನಾ ಹೇಳಿದ್ದಕ್ಕ ಇನ್ನ ಮೂವರು ತಮ್ಮದೂ ಹೇಳಿದ್ರು. ಅವತ್ತಿನಿಂದ ಅದು ನಮ್ಮ ಗಲ್ಲಿಯ ಮಂತ್ರ ಆತು. ಯಾರ ಕೈ ಡಬ್ಬಿ ಕಡೆ ಹೋದ್ರೂ ಯಾರೋ ಒಬ್ಬರು ಒದರತಿದ್ರು, "ತೋಂಡಾವರ ಬೋಟ್!" ಸಣ್ಣ ಮಕ್ಕಳಿಗಂತೂ ಹಬ್ಬ. ಅಜ್ಜಿಗೆ ಶಿಕ್ಷಾ ಕೊಡೋ ಅವಕಾಶ ಯಾರಿಗೆ ಸಿಗತದ?

ಸಂಕ್ರಾಂತಿ ಬಂತು. ಪುಣೆಯೊಳಗ ಸಂಕ್ರಾಂತಿ ಅಂದ್ರ ಮನಿ ಮನಿಯೊಳಗ ಅರಿಶಿನ-ಕುಂಕುಮ, ಬಂದ ಮುತ್ತೈದೇರಿಗೆ ಏನರ ಒಂದು ವಸ್ತು ಕೊಡಬೇಕು. ಆ ಸಲ ಎಲ್ಲಾ ಕೂಡಿ ಒಂದ ಕಡೆ, ಶೆಟ್ಟರ ಹಾಲಿನೊಳಗ ಮಾಡೂಣು ಅಂದ್ಲು ಸವಿತಾ. ಬರೋರು ತಮ್ಮ ಮಿಶ್ರಿ ಡಬ್ಬಿ ತರಬೇಕು, ಇಟ್ಟು ಹೋಗಬೇಕು, ಬದಲಿಗೆ ಒಂದು ಬ್ರಶ್ ಒಯ್ಯಬೇಕು. ಮುತ್ತೈದೇರಷ್ಟ ಅಂದ್ರ ನಾನೂ ಹೌಸಾಬಾಯಿನೂ ಹೊರಗ ಉಳೀತೀವಿ, ಇಬ್ಬರದೂ ಗಂಡಂದಿರು ಹೋಗ್ಯಾರ. ಸವಿತಾ ಕೇಳಲೇ ಇಲ್ಲ. ಎಂಟು ತಿಂಗಳು ದಾಟಿದ ಹೊಟ್ಟಿ ಹೊತ್ತುಕೊಂಡು ಬಂದು ಮೊದಲ ನನ್ನ ಹಣಿಗೆ ಕುಂಕುಮ ಹಚ್ಚಿದ್ಲು. ನಾ ಕೈ ಹಿಡಕೊಂಡೆ. "ಸುಮ್ಮ ಕೂಡ್ರಿ ಅತ್ತಿ" ಅಂದ್ಲು. ಹೌಸಾಬಾಯಿ ಬ್ರಶ್ ಹೊಳ್ಳಿಸಿ ಹೊಳ್ಳಿಸಿ ನೋಡಿ, "ನನಗಿರೋದು ಮೂರು ಹಲ್ಲು, ಇಷ್ಟು ದೊಡ್ಡ ಬ್ರಶ್ ಯಾಕ?" ಅಂದ್ಲು. ಮೂಲಿಯೊಳಗಿನ ಬುಟ್ಟಿ ಡಬ್ಬಿಯಿಂದ ತುಂಬಿ ಹೋಗಿತ್ತು.

ಎಲ್ಲಾರೂ ಬಿಟ್ರು ಅಂತ ಹೇಳಿದ್ರ ಸುಳ್ಳಾಗತದ. ಇಬ್ಬರು ಇವತ್ತಿಗೂ ಬಿಟ್ಟಿಲ್ಲ, ಪ್ಯಾಟಿಯಿಂದ ಹುರಿದದ್ದ ತರ್ತಾರ, ಹೌಸಾಬಾಯಿಗೆ ಹೋಳಿ ತನಕ ಹಿಡೀತು. ದತ್ತೂನೂ ಸಂತ ಆಗಲಿಲ್ಲ. ಟಪರಿ ಶಾಳಿ ಗೇಟು ಬಿಟ್ಟು ಹೆದ್ದಾರಿ ಕಡೆ ಹೋತು, ಸಿಗರೇಟು ಅಲ್ಲಿ ಇನ್ನೂ ಇರತದ. ಆದರ ಗುಟಕಾ ಇಲ್ಲ, ಎಲಿ ತಂಬಾಕು ಇಲ್ಲ. ನನ್ನ ಹಂಚು ಅದ. ಉಜ್ಜಿ ಉಜ್ಜಿ ತೊಳದು, ಅದರ ಮ್ಯಾಲೆ ಉಸುಕು ಹಾಕಿ ಶೇಂಗಾ ಹುರೀತಾನ. ಶನಿವಾರ ಆ ಕಡೆ ಹೋದ್ರ ಒಂದು ಪುಡಿಕಿ ಕೊಡ್ತಾನ, ಎಷ್ಟು ಬೈದ್ರೂ ರೊಕ್ಕ ಮುಟ್ಟಂಗಿಲ್ಲ.

ಸಂಕ್ರಾಂತಿ ಆಗಿ ಒಂದು ತಿಂಗಳಿಗೆ ಸವಿತಾ ಹಡೆದ್ಲು. ದಿನ ತುಂಬಿನ ಹಡೆದ್ಲು. ಹೊರಗ ವರಾಂಡಾದಾಗ ಭಜನಿ ಮಂಡಳ ಎಲ್ಲಾ ಕೂತಿತ್ತು, ಎಲ್ಲಾರ ಬಾಯಿ ಮ್ಯಾಲೂ ಬೆರಳು, ಯಾಕಂದ್ರ ದವಾಖಾನಿಯೊಳಗ ಗದ್ದಲ ಮಾಡಬ್ಯಾಡ್ರಿ ಅಂದಿದ್ರು. ಸಿಸ್ಟರ್ ಕೂಸನ್ನ ತಕ್ಕಡಿಗೆ ಹಾಕಿ, ಹೊರಗ ಬಂದು, "ಎರಡು ಕಿಲೋ ಎಂಟನೂರು, ಹೆಣ್ಣು" ಅಂದ್ರು. ಬೆರಳು ತೆಗೆದು ಹೌಸಾಬಾಯಿ ಒದರಿದ್ದು ರಸ್ತೆ ತನಕ ಕೇಳಿರಬೇಕು. ನಾ ಒದರಲಿಲ್ಲ. ಬಾಯಿ ಮ್ಯಾಲಿನ ಬೆರಳು ಹಂಗ ಇಟ್ಟುಕೊಂಡು ಸವಿತಾನ ಹತ್ತಿರ ಒಳಗ ಹೋದೆ.

ಈಗ ಆಜೂಬಾಜೂ ಐದು ಗಲ್ಲಿಯೊಳಗ ಮುಂಜಾನೆ ಕಷಾಯ ಕುದೀತದ. ಸಿಸ್ಟರ್ ಹೊಸ ಬಸುರಿ ಹೆಣಮಕ್ಕಳನ್ನ ನೆಟ್ಟಗ ನಮ್ಮ ಹತ್ತಿರ ಕಳಿಸ್ತಾರ. ಹೆಮ್ಮಿ ಪಡಬಾರದು ಅಂತಾರ ದೊಡ್ಡವರು. ನಾ ಪಡ್ತೀನಿ. ಬೇಕಾದ್ದು ಅಂದುಕೊಳ್ರಿ.

"ಅಜ್ಜಿ, ಹೇಳ ಅಜ್ಜಿ, ಏನ ಸುಡಾಕತ್ತಾರ?" ತನು ಸೆರಗು ಜಗ್ಗಿದ್ಲು. ಸಾಸವಡದ ಹಿತ್ತಲದಾಗ ಬಿಸಲು ಏರಿತ್ತು. ನಮ್ಮ ಗಲ್ಲಿಯೊಳಗ ಹುಟ್ಟಿ ಬೆಳೆದ ಹುಡುಗಿಗೆ ಈ ವಾಸನಿ ಏನಂತ ಗೊತ್ತಿಲ್ಲ. ನೋಡ್ರಿ, ಇದಕ್ಕಿಂತ ದೊಡ್ಡ ಬಹುಮಾನ ನನಗ ಯಾರು ಕೊಡಬೇಕು?

ಆಕಿ ಕೈ ಹಿಡಕೊಂಡು ಗ್ವಾಡಿ ಸುತ್ತಿ ಆಚೆ ಮನಿಗೆ ಹೋದೆ. ನನ್ನ ವಾರಗಿಯ ಹೆಂಗಸು ಹಂಚಿನ ಮುಂದ ಕೂತಿದ್ಲು. "ಯಾ, ಬಸಾ", ಬರ್ರಿ ಕೂಡ್ರಿ ಅಂತ ಮಣಿ ಸರಿಸಿ, ಬಂದ ಅತಿಥಿಗೆ ಮಾಡಬೇಕಾದ ಮರ್ಯಾದಿ ಅಂತ ಬಿಸಿ ಮಿಶ್ರಿಯ ಒಂದು ಚಿಟಿಕಿ ನನ್ನ ಮುಂದ ಹಿಡದ್ಲು. ಎಂಥಾ ಹದದಾಗ ಹುರಿದಿದ್ಲು ಅಂತೀರಿ! ಮತ್ತ ಬಾಯಾಗ ನೀರು.

ನಾ ಕೈ ಕಟ್ಟಿದೆ, ಬಾಯಿ ಮ್ಯಾಲೆ ಬೆರಳಿಟ್ಟೆ. ತನು ಆಟ ಶುರು ಆತು ಅಂತ ಖುಷಿಲೆ ತಾನೂ ಕೈ ಕಟ್ಟಿ ಬೆರಳಿಟ್ಟುಕೊಂಡು ನನ್ನ ಪಕ್ಕ ಕೂತ್ಲು. ಆ ಹೆಂಗಸು ನಮ್ಮಿಬ್ಬರನ್ನೂ ನೋಡಿ, ಇವರಿಗೇನ ಹುಚ್ಚ ಹಿಡದದೋ ಏನೋ ಅಂತ ನಗಾಕತ್ತಿದ್ಲು.

ನಗಲಿ. ನಗಿ ಆತಂದ್ರ ಅರ್ಧ ಕೆಲಸ ಆತು. ಬೆರಳು ತೆಗೆದು ಮರಾಠಿಯೊಳಗ ಕೇಳಿದೆ, "ಬಾಯಿ, ನಿಮ್ಮ ಗಲ್ಲಿಯೊಳಗ ಭಜನಿ ಮಂಡಳ ಅದ ಏನು?"